ಒಂದೇ ಮನೆಗೆ ಎರಡು ವಿಳಾಸ

ಸ್ಕ್ರಿಪ್ಟ್‌ನಲ್ಲಿ ಇದ್ದದ್ದು ಒಂದೇ ಸಾಲು: ‘ನಿವೃತ್ತ ಮೇಷ್ಟ್ರ ಹಳೇ ಮನೆ, ಒಳಗೆ, ಹಗಲು.’ ನಿರ್ದೇಶಕರು ಅದನ್ನು ನನ್ನ ಕೈಗಿಟ್ಟು, “ನೋಡಿದ ತಕ್ಷಣ ಇಲ್ಲಿರುವವರು ಒಬ್ಬಂಟಿ ಅನ್ನಿಸಬೇಕು, ಆದರೆ ಪಾಳು ಬಿದ್ದ ಹಾಗೆ ಇರಬಾರದು” ಅಂದರು. ಲೊಕೇಶನ್ ಹುಡುಕುವ ಕೆಲಸ ಬಹುತೇಕ ಸಲ ಹೀಗೇ ಶುರುವಾಗುತ್ತದೆ. ಭಾವನೆ ಹೇಳುತ್ತಾರೆ, ಅಳತೆ ಹೇಳುವುದಿಲ್ಲ. ಅಳತೆಯನ್ನು ನಾವೇ ಸ್ಕ್ರಿಪ್ಟ್‌ನಿಂದ ಹೊರಗೆ ತೆಗೆಯಬೇಕು.

ಹಾಗಾಗಿ ಮನೆ ಹುಡುಕಲು ಹೊರಡುವ ಮೊದಲು ಪೆನ್ಸಿಲ್ ಹಿಡಿದು ಕೂತೆ. ಆ ಮನೆಯಲ್ಲಿ ನಡೆಯುವ ಸೀನ್‌ಗಳನ್ನೆಲ್ಲ ಒಂದು ಕಡೆ ಬರೆದುಕೊಂಡೆ. ಜಾಸ್ತಿ ಪಾಲು ಒಳಾಂಗಣ. ಒಂದು ಜಗಳದ ಸೀನ್‌ನಲ್ಲಿ ನಾಲ್ಕು ಜನ ಒಂದೇ ಕೋಣೆಯಲ್ಲಿ ಇರುತ್ತಾರೆ. ಇನ್ನೊಂದರಲ್ಲಿ ಮೇಷ್ಟ್ರು ಬಾಗಿಲಿನಿಂದ ಮಹಡಿವರೆಗೆ ನಡೆಯುತ್ತಾರೆ, ಕ್ಯಾಮೆರಾ ಎಲ್ಲೂ ಕಟ್ ಆಗದೆ ಹಿಂದೆಯೇ ಹೋಗುತ್ತದೆ. ಅಂದರೆ ಮೆಟ್ಟಿಲು ಬೇಕು, ಅದರಲ್ಲಿ ಕ್ಯಾಮೆರಾ ಹಿಡಿದವರೂ ಹತ್ತಬೇಕು. ಕೊನೆಯ ಪುಟದಲ್ಲಿ ಒಂದು ಟಿಪ್ಪಣಿ ಇತ್ತು: ಸಿಂಕ್ ಸೌಂಡ್. ನನ್ನ ಮಟ್ಟಿಗೆ ಇಡೀ ಸ್ಕ್ರಿಪ್ಟ್‌ನ ಅತಿ ಮುಖ್ಯ ಪದ ಅದೇ. ಡಬ್ಬಿಂಗ್ ಮಾಡುವುದಾದರೆ ಹೆದ್ದಾರಿ ಪಕ್ಕದ ಮನೆಯಾದರೂ ನಡೆಯುತ್ತದೆ. ಶೂಟಿಂಗ್ ಹೊತ್ತಿನಲ್ಲೇ ಮಾತು ರೆಕಾರ್ಡ್ ಆಗಬೇಕು ಅಂದರೆ ನೂರಕ್ಕೆ ತೊಂಬತ್ತು ಮನೆ ಅಲ್ಲೇ ಬಿದ್ದುಹೋಗುತ್ತವೆ.

ಹುಡುಕಾಟದ ಮೊದಲ ಹಂತ ಕುರ್ಚಿಯಲ್ಲಿ ಕೂತೇ ಆಗುತ್ತದೆ. ಗೊತ್ತಿದ್ದವರಿಗೆಲ್ಲ ಹೇಳಿಟ್ಟೆ, ಬ್ರೋಕರ್‌ಗಳಿಗೂ ಹೇಳಿದೆ. ಮೊಬೈಲ್ ತುಂಬ ಮನೆಗಳ ಫೋಟೊ ಬಂದು ಬಿದ್ದವು. ಫೋಟೊಗಳನ್ನು ನಾನು ನಂಬುವುದಿಲ್ಲ. ಈಗಿನ ಫೋನ್‌ಗಳ ಅಲ್ಟ್ರಾವೈಡ್ ಲೆನ್ಸ್‌ನಲ್ಲಿ ತೆಗೆದರೆ ಬಚ್ಚಲುಮನೆಯೂ ಮದುವೆ ಹಾಲ್ ಥರ ಕಾಣುತ್ತದೆ. ಅದಕ್ಕೇ ಫೋಟೊ ಕಳಿಸಿದವರಿಗೆಲ್ಲ ಒಂದು ವೀಡಿಯೊ ಕೇಳುತ್ತೇನೆ. ರಸ್ತೆಯಿಂದ ಶುರು ಮಾಡಿ, ಗೇಟು ದಾಟಿ, ಹಿತ್ತಲವರೆಗೆ, ಎಲ್ಲೂ ನಿಲ್ಲಿಸದೆ, ಮಾತಾಡದೆ ನಡೆಯಿರಿ. ಹಿನ್ನೆಲೆಗೆ ಹಾಡು ಹಾಕಬೇಡಿ. ಆ ವೀಡಿಯೊದಲ್ಲಿ ಚಿತ್ರಕ್ಕಿಂತ ಶಬ್ದ ನನಗೆ ಮುಖ್ಯ. ಜೊತೆಗೆ ಉಪಗ್ರಹ ನಕ್ಷೆ ತೆರೆದು ಮನೆಯ ಸುತ್ತ ನೋಡುತ್ತೇನೆ. ರೈಲು ಹಳಿ ಎಷ್ಟು ದೂರ? ಹತ್ತಿರ ಶಾಲೆ ಇದೆಯಾ? ತಗಡಿನ ದೊಡ್ಡ ಚಾವಣಿ ಕಂಡರೆ ಅದು ಗೋದಾಮೋ ಕಾರ್ಖಾನೆಯೋ? ಜನರೇಟರ್ ಹೊತ್ತ ಲಾರಿ ಆ ತಿರುವಿನಲ್ಲಿ ತಿರುಗುತ್ತದಾ? ಈ ಜರಡಿಯಲ್ಲಿ ಉಳಿದವು ಕೈಬೆರಳಲ್ಲಿ ಎಣಿಸುವಷ್ಟು.

ಅದರಲ್ಲಿ ಒಂದು ಮನೆಯ ಫೋಟೊ ನೋಡಿ ನಿರ್ದೇಶಕರು ಕೂತಲ್ಲೇ ಮನಸೋತರು. ಕಲ್ಲಿನ ಮೆಟ್ಟಿಲು, ಬಣ್ಣ ಮಾಸಿದ ಎರಡು ರೆಕ್ಕೆಯ ಮರದ ಬಾಗಿಲು, ಗೋಡೆ ಹತ್ತಿದ ಬಳ್ಳಿ. ಮೇಷ್ಟ್ರು ಈಗಷ್ಟೇ ಒಳಗೆ ಹೋಗಿದ್ದಾರೆ ಅನ್ನುವ ಹಾಗಿತ್ತು. ನನಗೂ ಇಷ್ಟವಾಯಿತು, ಸುಳ್ಳು ಯಾಕೆ ಹೇಳಲಿ. ಆದರೆ ನಿರ್ದೇಶಕರು ಫೋಟೊ ನೋಡಿಯೇ ‘ಇದೇ’ ಅಂದುಬಿಟ್ಟ ಜಾಗಕ್ಕೆ ರೆಕ್ಕಿ, ಅಂದರೆ ಖುದ್ದಾಗಿ ನೋಡಿ ಪರೀಕ್ಷಿಸಲು, ಹೋಗುವಾಗ ನಾನು ಇನ್ನಷ್ಟು ಹುಷಾರಾಗಿರುತ್ತೇನೆ. ಎಲ್ಲರೂ ಒಪ್ಪಲು ತಯಾರಾಗಿಯೇ ಹೋಗಿರುತ್ತಾರೆ, ಬೇಡ ಅನ್ನುವವರು ಒಬ್ಬರಾದರೂ ಇರಬೇಕಲ್ಲ.

ಆ ಮನೆಯ ಫೋಟೊ ಮತ್ತು ವೀಡಿಯೊ ಎರಡನ್ನೂ ತೆಗೆದದ್ದು ಭಾನುವಾರ. ನಾನು ಹೋದದ್ದು ವಾರದ ದಿನ, ಶೂಟಿಂಗ್ ನಡೆಯುವ ಹೊತ್ತಿಗೇ. ಲೊಕೇಶನ್ ನೋಡಲು ಇದೊಂದು ನಿಯಮ ಇಟ್ಟುಕೊಂಡಿದ್ದೇನೆ: ವಾರದ ಯಾವ ದಿನ, ಯಾವ ಗಂಟೆಗೆ ಕ್ಯಾಮೆರಾ ಓಡುತ್ತದೋ ವಾರದ ಅದೇ ದಿನ, ಅದೇ ಗಂಟೆಗೆ ಅಲ್ಲಿ ನಿಂತಿರಬೇಕು. ಒಳಗೆ ಹೋದವನು ಫ್ಯಾನ್ ಆರಿಸಿ, ಕಿಟಕಿ ಮುಚ್ಚಿ, ಕಣ್ಣು ಮುಚ್ಚಿ ಐದು ನಿಮಿಷ ಸುಮ್ನೆ ನಿಂತೆ. ಮೊದಲ ನಿಮಿಷದಲ್ಲಿ ಏನೂ ಕೇಳಿಸಲಿಲ್ಲ. ನಮ್ಮ ಕಿವಿ ಅಭ್ಯಾಸದ ಶಬ್ದಗಳನ್ನು ತಾನೇ ಬದಿಗೆ ತಳ್ಳಿಬಿಡುತ್ತದೆ. ಮೈಕ್‌ಗೆ ಆ ಗುಣ ಇಲ್ಲ. ಎರಡನೇ ನಿಮಿಷಕ್ಕೆ ಪಕ್ಕದ ಬೀದಿಯ ಅಂಗಡಿಯೊಂದರಿಂದ ಕಬ್ಬಿಣ ಉಜ್ಜುವ ಶಬ್ದ ಶುರುವಾಯಿತು. ನಿಂತಿತು. ಮತ್ತೆ ಶುರುವಾಯಿತು. ಒಂದೇ ಸಮನೆ ಇರುವ ಗುಂಯ್ ಶಬ್ದವನ್ನು ಆಮೇಲೆ ಸ್ವಲ್ಪ ತಗ್ಗಿಸಬಹುದು. ಹೀಗೆ ನಿಂತು ನಿಂತು ಬರುವ ಶಬ್ದ ಬಲು ಕೆಟ್ಟದ್ದು. ಒಂದೇ ಸಂಭಾಷಣೆಯ ಎರಡು ಶಾಟ್ ಜೋಡಿಸಿದಾಗ ಒಂದರಲ್ಲಿ ಇದ್ದು ಇನ್ನೊಂದರಲ್ಲಿ ಇಲ್ಲದಿದ್ದರೆ, ನೋಡುವವರಿಗೆ ಕಾರಣ ತಿಳಿಯದಿದ್ದರೂ ಏನೋ ಎಡವಟ್ಟು ಅಂತ ಗೊತ್ತಾಗುತ್ತದೆ.

ಒಮ್ಮೆ ಜೋರಾಗಿ ಚಪ್ಪಾಳೆ ತಟ್ಟಿದೆ. ಬರಿ ಗೋಡೆ, ಬರಿ ನೆಲ. ಶಬ್ದ ಸುತ್ತಾಡಿ ನಿಧಾನಕ್ಕೆ ಸತ್ತಿತು. ಇದಕ್ಕೆ ಮದ್ದಿದೆ. ಫ್ರೇಮಿನಾಚೆ ದಪ್ಪ ಕಂಬಳಿ ನೇತು ಹಾಕಿದರೆ ಪ್ರತಿಧ್ವನಿ ತಗ್ಗುತ್ತದೆ. ಅಂಗಡಿಯವರ ಕಬ್ಬಿಣಕ್ಕೆ ಮದ್ದಿಲ್ಲ. ಅದು ಅವರ ಹೊಟ್ಟೆಪಾಡು.

ಆಮೇಲೆ ಟೇಪು ಹಿಡಿದೆ. ನಡುಮನೆಯ ಅಗಲ ನಾಲ್ಕು ಮೀಟರ್ ಕೂಡ ಬರಲಿಲ್ಲ. ಇದರ ಲೆಕ್ಕ ಸ್ವಲ್ಪ ಹೇಳುತ್ತೇನೆ, ಯಾಕೆಂದರೆ ಹೊಸಬರು ಜಾಸ್ತಿ ಎಡವುವುದು ಇಲ್ಲೇ. ಸೂಪರ್ 35 ಸೆನ್ಸರ್‌ನ (ಸಿನಿಮಾದಲ್ಲಿ ಸಾಮಾನ್ಯವಾಗಿ ಬಳಸುವ ಸೆನ್ಸರ್ ಅಳತೆ) ಕ್ಯಾಮೆರಾಗೆ 50 ಮಿ.ಮೀ. ಲೆನ್ಸ್ ಹಾಕಿ, ನಿಂತ ಮನುಷ್ಯನನ್ನು ತಲೆಯಿಂದ ಕಾಲಿನವರೆಗೆ ಹಿಡಿಯಬೇಕಾದರೆ ಸುಮಾರು 7 ಮೀಟರ್ ದೂರ ಬೇಕು. 24 ಮಿ.ಮೀ. ಲೆನ್ಸ್ ಆದರೆ ಮೂರೂವರೆ ಮೀಟರ್ ಸಾಕು. ಆದರೆ ಹತ್ತಿರ ಬಂದ ಮುಖ ಉಬ್ಬಿದಂತೆ, ಹಿಂದಿನ ಗೋಡೆ ದೂರ ಓಡಿದಂತೆ ಕಾಣುತ್ತದೆ. ಈ ದೂರ ಕ್ಯಾಮೆರಾದಿಂದ ಮುಂದಕ್ಕೆ. ಕ್ಯಾಮೆರಾ ಹಿಂದೆ ನಿಲ್ಲುವವರು, ಫೋಕಸ್ ನೋಡುವವರು, ಬೂಮ್ ಅನ್ನುವ ಉದ್ದ ಕೋಲಿನ ಮೈಕ್ ಹಿಡಿದವರು, ಲೈಟ್ ಸ್ಟ್ಯಾಂಡು, ಇವರೆಲ್ಲ ಎಲ್ಲಿ ಹೋಗಬೇಕು? ಸ್ಟುಡಿಯೊ ಸೆಟ್‌ನಲ್ಲಿ ಗೋಡೆ ಕಳಚಿ ಪಕ್ಕಕ್ಕಿಡುತ್ತಾರೆ. ನಿಜವಾದ ಮನೆಯ ಗೋಡೆ ಹಾಗೆ ಕದಲುವುದಿಲ್ಲ.

ಬೆಳಕಿನಲ್ಲೂ ಆ ಮನೆ ಸೋತಿತು. ಸೂರ್ಯ ಗಂಟೆಗೆ 15 ಡಿಗ್ರಿ ಸರಿಯುತ್ತಾನೆ ಅನ್ನುವುದು ನಾವೆಲ್ಲ ಶಾಲೆಯಲ್ಲಿ ಓದಿದ್ದು. ಒಂದು ಸೀನ್ ಮುಗಿಸಲು ಅರ್ಧ ದಿನ ಬೇಕು ಅಂದಾಗ ಆ ಲೆಕ್ಕದ ಬಿಸಿ ತಟ್ಟುತ್ತದೆ. ಮೊದಲ ಶಾಟ್‌ನಲ್ಲಿ ನೆಲದ ಮೇಲಿದ್ದ ಬಿಸಿಲ ಚೌಕ ಕೊನೆಯ ಶಾಟ್ ಹೊತ್ತಿಗೆ ಗೋಡೆ ಹತ್ತಿರುತ್ತದೆ. ಜೂನ್‌ಗೂ ಡಿಸೆಂಬರ್‌ಗೂ ನಡುವೆ ನಡುಮಧ್ಯಾಹ್ನದ ಸೂರ್ಯನ ಜಾಗ ಸುಮಾರು 47 ಡಿಗ್ರಿ ಬದಲಾಗಿರುತ್ತದೆ, ಆದ್ದರಿಂದ ಇವತ್ತು ಕಿಟಕಿಯಲ್ಲಿ ಕಂಡ ಬಿಸಿಲು ಶೂಟಿಂಗ್ ತಿಂಗಳಲ್ಲೂ ಇರುತ್ತದೆ ಅನ್ನುವಂತಿಲ್ಲ. ಈಗ ಫೋನಿನಲ್ಲೇ ಆಪ್ ಇದೆ. ದಿನಾಂಕ ಹಾಕಿ ಆಕಾಶಕ್ಕೆ ಹಿಡಿದರೆ ಸೂರ್ಯ ಹೋಗುವ ದಾರಿ ಗೆರೆಯಾಗಿ ಕಾಣುತ್ತದೆ. ನಮ್ಮ ದಿನಾಂಕಕ್ಕೆ ಹಾಕಿ ನೋಡಿದರೆ ಆ ಗೆರೆ ಬೆಳಗ್ಗೆ ಹತ್ತಕ್ಕೇ ಪಕ್ಕದ ಎತ್ತರದ ಕಟ್ಟಡದ ಹಿಂದೆ ಹೋಗಿ ಸೇರಿತು. ಮುಂಬಾಗಿಲಿಗೆ ಎರಡು ಗಂಟೆಯ ಚಂದದ ಬಿಸಿಲು, ಆಮೇಲೆ ಬರೀ ನೆರಳು.

ಎಡಿಸನ್ ಕಂಪನಿ 1893ರಲ್ಲಿ ‘ಬ್ಲ್ಯಾಕ್ ಮರಿಯಾ’ ಅನ್ನುವ ಸ್ಟುಡಿಯೊ ಕಟ್ಟಿದಾಗ ಚಾವಣಿ ತೆರೆಯುವಂತೆ ಮಾಡಿ, ಇಡೀ ಕಟ್ಟಡವನ್ನೇ ದುಂಡನೆಯ ಹಳಿಯ ಮೇಲೆ ಕೂರಿಸಿದ್ದರು. ಸೂರ್ಯ ತಿರುಗಿದಂತೆ ಸ್ಟುಡಿಯೊವನ್ನೂ ತಿರುಗಿಸುತ್ತಿದ್ದರು. ರೆಕ್ಕಿ ಮುಗಿಸಿ ಬರುವ ದಾರಿಯಲ್ಲಿ ಅವರ ಮೇಲೆ ನನಗೆ ಬಹಳ ಹೊಟ್ಟೆಕಿಚ್ಚಾಗುತ್ತದೆ.

ಎರಡನೇ ಮನೆಯ ಫೋಟೊವನ್ನು ಯಾರೂ ಎರಡು ಸಲ ನೋಡಿರಲಿಲ್ಲ. ಹೊರಗೆ ಸಿಮೆಂಟ್ ಗಾರೆ, ಕಬ್ಬಿಣದ ಗ್ರಿಲ್ಲು, ಮುಂದೆ ಶೀಟ್ ಹಾಕಿದ ಕಾರ್ ಶೆಡ್ಡು. ವೀಡಿಯೊದಲ್ಲಿ ಶಬ್ದ ಕಡಿಮೆ ಇತ್ತು ಅನ್ನುವ ಒಂದೇ ಕಾರಣಕ್ಕೆ ಹೋದೆ. ಒಳಗೆ ಕಾಲಿಟ್ಟರೆ ಬೇರೆಯೇ ಲೋಕ. ಎಂಟು ಮೀಟರ್ ಉದ್ದದ ನಡುಮನೆ, ಎತ್ತರದ ಚಾವಣಿ, ಅಗಲವಾದ ಮರದ ಮೆಟ್ಟಿಲು. ಉತ್ತರದ ಗೋಡೆಗೆ ಸಾಲಾಗಿ ದೊಡ್ಡ ಕಿಟಕಿಗಳು. ಭೂಮಿಯ ಉತ್ತರಾರ್ಧದಲ್ಲಿ ಉತ್ತರದ ಕಿಟಕಿ ಅಂದರೆ ಸೂರ್ಯ ದಕ್ಷಿಣಕ್ಕೆ ವಾಲಿರುವ ತಿಂಗಳುಗಳಲ್ಲಿ ನೇರ ಬಿಸಿಲು ಬೀಳದ ಕಿಟಕಿ. ಬೆಳಕು ಮೆತ್ತಗೆ, ಒಂದೇ ಸಮನಾಗಿ ದಿನವಿಡೀ ಒಳಗೆ ಬರುತ್ತದೆ. ಚಿತ್ರ ಬರೆಯುವವರು ಸ್ಟುಡಿಯೊಗೆ ಇಂಥ ಕಿಟಕಿಯನ್ನೇ ಹುಡುಕುವುದು ಇದಕ್ಕೇ. ಕಣ್ಣು ಮುಚ್ಚಿ ನಿಂತೆ. ಗಡಿಯಾರ, ಫ್ರಿಜ್ಜು, ದೂರದಲ್ಲೊಂದು ನಾಯಿ. ಗಡಿಯಾರ ನಿಲ್ಲಿಸಬಹುದು, ಫ್ರಿಜ್ಜು ಆರಿಸಬಹುದು.

ಮನೆಯಲ್ಲಿದ್ದದ್ದು ವಯಸ್ಸಾದ ಅಮ್ಮ ಒಬ್ಬರೇ. ನಾನು ಕಣ್ಣು ಮುಚ್ಚಿ ನಿಂತದ್ದು ನೋಡಿ, “ಏನಪ್ಪಾ, ತಲೆ ಸುತ್ತು ಬಂತಾ?” ಅಂತ ಕೇಳಿದರು.

“ಇಲ್ಲಮ್ಮ, ಶಬ್ದ ಕೇಳ್ತಾ ಇದ್ದೆ.”

“ಇಲ್ಲೇನು ಶಬ್ದ ಇದೆ? ನಾನು ಮಾತಾಡಿದ್ರೆ ಉಂಟು, ಇಲ್ದಿದ್ರೆ ಇಲ್ಲ.”

ನಿರ್ದೇಶಕರ ‘ಒಬ್ಬಂಟಿ’ ನನಗೆ ಸಿಕ್ಕಿತ್ತು. ಆದರೆ ಹೊರಗಿನ ಮುಖ ಮಾತ್ರ ಸುತಾರಾಂ ಆಗದು. ಶೆಡ್ಡು, ಗ್ರಿಲ್ಲು, ಎದುರಿನ ಹೊಸ ಅಪಾರ್ಟ್‌ಮೆಂಟು. ಕಲಾ ನಿರ್ದೇಶಕರು ಎಷ್ಟು ಮುಚ್ಚಿದರೂ ಮುಚ್ಚಲಾಗದಷ್ಟು.

ಹಾಗಾದರೆ ಹೊರಗು ಮೊದಲ ಮನೆಯದ್ದು, ಒಳಗು ಎರಡನೆಯದ್ದು! ಇದೇನು ಹೊಸ ಉಪಾಯ ಅಲ್ಲ. ರಷ್ಯಾದ ಚಿತ್ರ ನಿರ್ದೇಶಕ ಲೆವ್ ಕುಲೆಶೋವ್ 1920ರ ಆಸುಪಾಸಿನಲ್ಲಿ ಮಾಸ್ಕೋದಲ್ಲಿ ತೆಗೆದ ಶಾಟ್‌ಗಳ ನಡುವೆ ಅಮೆರಿಕದ ಶ್ವೇತಭವನದ ಚಿತ್ರ ಸೇರಿಸಿ, ಎರಡೂ ಒಂದೇ ಊರಿನಲ್ಲಿವೆ ಅನ್ನಿಸುವಂತೆ ಮಾಡಿ ತೋರಿಸಿದ್ದರು. ಬಾಗಿಲು ತೆರೆದವರು ಮುಂದಿನ ಶಾಟ್‌ನಲ್ಲಿ ಒಳಗೆ ಬಂದರೆ, ಅದು ಅದೇ ಮನೆ ಅಂತ ನೋಡುವವರು ತಾವಾಗಿಯೇ ನಂಬುತ್ತಾರೆ. ನಂಬಿಕೆ ಕೆಡಿಸುವ ಚಿಕ್ಕಪುಟ್ಟ ಸಂಗತಿಗಳನ್ನು ಹಿಡಿಯುವುದಷ್ಟೇ ನಮ್ಮ ಕೆಲಸ. ಅವು ಎಷ್ಟೊಂದು ಇದ್ದವು ಅಂತೀರಿ!

ಬಾಗಿಲು ಒಳಕ್ಕೆ ತೆರೆಯುತ್ತದಾ, ಹೊರಕ್ಕಾ? ಮೊದಲ ಮನೆಯದ್ದು ಎರಡು ರೆಕ್ಕೆ, ಎರಡನೆಯದ್ದು ಒಂದೇ. ಕಲಾ ನಿರ್ದೇಶಕರು ಹಳೆ ಬಾಗಿಲ ಅಳತೆ, ಬಣ್ಣ, ಚಿಲಕ ಎಲ್ಲವನ್ನೂ ಫೋಟೊ ತೆಗೆದು, ಎರಡನೇ ಮನೆಯ ಚೌಕಟ್ಟಿನೊಳಗೆ ಕೂರುವಂತೆ ಇನ್ನೊಂದು ಮಾಡಿಸುವುದು ಅಂತಾಯಿತು. ಹೊಸ್ತಿಲ ಎತ್ತರ ಬೇರೆ ಇತ್ತು. ನಟ ಹೊರಗೆ ಕಾಲನ್ನು ಎತ್ತರಕ್ಕೆ ಎತ್ತಿ ದಾಟಿ, ಒಳಗೆ ಸಲೀಸಾಗಿ ನಡೆದು ಬಂದರೆ ಆಗದು, ಅದಕ್ಕೆ ಒಂದು ಹಲಗೆ. ಹೊರಗಿನಿಂದ ನೋಡಿದರೆ ಬಾಗಿಲ ಬಲಕ್ಕೆ ಒಂದು ಕಿಟಕಿ ಇತ್ತು. ಹಾಗಾದರೆ ಒಳಗಿನಿಂದ ನೋಡುವಾಗ ಅದು ಎಡಕ್ಕಿರಬೇಕು. ಎರಡನೇ ಮನೆಯಲ್ಲಿ ಅಲ್ಲಿ ಬರೀ ಗೋಡೆ. ಆ ಗೋಡೆ ಕಾಣದಂತೆ ಫ್ರೇಮ್ ಇಡುತ್ತೇನೆ ಅಂತ ಕ್ಯಾಮೆರಾಮನ್ ಒಪ್ಪಿಕೊಂಡರು.

ದೊಡ್ಡ ತಲೆನೋವು ದಿಕ್ಕು. ಮೊದಲ ಮನೆಯ ಬಾಗಿಲು ಪೂರ್ವಕ್ಕೆ, ಎರಡನೆಯದ್ದು ಪಶ್ಚಿಮಕ್ಕೆ. ಬೆಳಗಿನ ಸೀನ್‌ನ ಹೊರಗಿನ ಶಾಟ್ ಬೆಳಗ್ಗೆಯೇ ತೆಗೆದು, ಒಳಗಿನ ಶಾಟ್ ಮಧ್ಯಾಹ್ನದ ಮೇಲೆ ತೆಗೆದರೆ ಬಿಸಿಲ ಎತ್ತರ ಹೊಂದುತ್ತದೆ, ಅಲ್ವಾ? ಎತ್ತರ ಹೊಂದುತ್ತದೆ. ವಾಲಿಕೆ ಹೊಂದುವುದಿಲ್ಲ. ನಾವು ಶೂಟ್ ಮಾಡುವ ತಿಂಗಳಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನೆ. ಪೂರ್ವದ ಬಾಗಿಲಲ್ಲಿ ಹೊರಗೆ ಮುಖ ಮಾಡಿ ನಿಂತರೆ ಅವನು ನಮ್ಮ ಬಲಕ್ಕೆ. ಪಶ್ಚಿಮದ ಬಾಗಿಲಲ್ಲಿ ನಿಂತರೆ ಎಡಕ್ಕೆ. ನೆಲದ ಮೇಲಿನ ಬಿಸಿಲ ಪಟ್ಟೆ ಉಲ್ಟಾ ಬೀಳುತ್ತದೆ. ನೋಡುವವರಲ್ಲಿ ಎಷ್ಟು ಜನ ಇದನ್ನು ಗಮನಿಸುತ್ತಾರೆ? ಬಹುಶಃ ಯಾರೂ ಇಲ್ಲ. ಕ್ಯಾಮೆರಾಮನ್ ಮಾತ್ರ ಒಪ್ಪಲೇ ಇಲ್ಲ. ಕೊನೆಗೆ ಬಾಗಿಲ ಹೊರಗೆ ಕಪ್ಪು ಬಟ್ಟೆಯ ಗುಡಾರ ಕಟ್ಟಿ, ನಿಜವಾದ ಬಿಸಿಲನ್ನೇ ತಡೆದು, ಅದರೊಳಗೆ ಬಲಗಡೆಯಿಂದ ಎಚ್‌ಎಂಐ ದೀಪ, ಅಂದರೆ ಬಿಸಿಲಿನಂಥ ಬೆಳಕು ಕೊಡುವ ದೊಡ್ಡ ದೀಪ, ಹಾಕುವುದು ಅಂತ ತೀರ್ಮಾನವಾಯಿತು. ಸೂರ್ಯನಿದ್ದೂ ಸೂರ್ಯನನ್ನು ಬಾಡಿಗೆಗೆ ತರುವ ಕೆಲಸ!

ದೀಪದ ಮಾತು ಬಂತು ಅಂದರೆ ಕರೆಂಟಿನ ಮಾತು. ಟೆಕ್ ರೆಕ್ಕಿ ದಿನ ಎಲ್ಲ ವಿಭಾಗದವರನ್ನೂ ಎರಡನೇ ಮನೆಗೆ ಕರೆದುಕೊಂಡು ಹೋದೆ. ಲೈಟಿಂಗ್‌ನವರು ಸೀದಾ ಮೀಟರ್ ಬೋರ್ಡ್ ಹತ್ತಿರ ಹೋದರು. 230 ವೋಲ್ಟ್, 16 ಆಂಪಿಯರ್ ಸಾಕೆಟ್‌ನಿಂದ ಹೆಚ್ಚೆಂದರೆ ಸುಮಾರು 3.7 ಕಿಲೋವ್ಯಾಟ್ ಎಳೆಯಬಹುದು, ಅದೂ ವೈರಿಂಗ್ ಗಟ್ಟಿ ಇದ್ದರೆ. ಇಲ್ಲಿಯ ವೈರಿಂಗ್ ಹಳತು. ಮನೆಯ ಕರೆಂಟಿಗೆ ಕೈ ಹಾಕುವುದೇ ಬೇಡ, ಜನರೇಟರ್ ತರೋಣ ಅಂದರು. ತಂದರೆ ಅದರ ಶಬ್ದ? ಹಿಂದಿನ ಬೀದಿಯ ಖಾಲಿ ಸೈಟಿನಲ್ಲಿ ನಿಲ್ಲಿಸಿದರೆ ನಡುವೆ ಒಂದು ಸಾಲು ಮನೆ ತಡೆಗೋಡೆಯಾಗುತ್ತದೆ. ಆದರೆ ಕೇಬಲ್ ಉದ್ದವಾದಷ್ಟೂ ವೋಲ್ಟೇಜ್ ಇಳಿಯುತ್ತದೆ, ದಪ್ಪ ಕೇಬಲ್ ಬೇಕು. ಆ ಸೈಟಿನ ಮಾಲೀಕರನ್ನು ಹುಡುಕುವ ಕೆಲಸ ನನ್ನ ತಲೆಗೆ ಬಂತು. ಮೆಟ್ಟಿಲ ಮೇಲಿನ ಹಳೆ ಟ್ಯೂಬ್‌ಲೈಟ್ ನೋಡಿ ಕ್ಯಾಮೆರಾ ಅಸಿಸ್ಟೆಂಟ್ ಇನ್ನೊಂದು ಸಾಲು ಬರೆದುಕೊಂಡರು. 50 ಹರ್ಟ್ಸ್ ಕರೆಂಟಿನಲ್ಲಿ ಅದು ಸೆಕೆಂಡಿಗೆ 100 ಸಲ ಮಿನುಗುತ್ತದೆ. ಸೆಕೆಂಡಿಗೆ 24 ಫ್ರೇಮ್‌ನಲ್ಲಿ ಶೂಟ್ ಮಾಡುವಾಗ ಶಟರ್ ತೆರೆಯುವ ಕೋನ 172.8 ಡಿಗ್ರಿಗೆ ಇಟ್ಟರೆ ಪ್ರತಿ ಫ್ರೇಮಿಗೂ ಸರಿಯಾಗಿ ಸೆಕೆಂಡಿನ ಐವತ್ತನೇ ಒಂದು ಭಾಗ ಬೆಳಕು ಬಿದ್ದು, ಮಿನುಗು ಕಾಣುವುದಿಲ್ಲ. ಇಲ್ಲದಿದ್ದರೆ ಟ್ಯೂಬ್ ಬದಲಿಸಬೇಕು.

ಸೌಂಡ್ ರೆಕಾರ್ಡಿಸ್ಟ್ ಬಂದವರೇ ನನ್ನ ಹಾಗೇ ಕಣ್ಣು ಮುಚ್ಚಿ ನಿಂತರು. ಆಮೇಲೆ ಫ್ರಿಜ್ಜು ನೋಡಿ, “ಇದನ್ನು ಆರಿಸಿದ ದಿನ ನನ್ನ ಗಾಡಿ ಕೀ ಅದರೊಳಗೇ ಇಡ್ತೀನಿ” ಅಂದರು. ಇದು ಈ ಕಸುಬಿನವರ ಹಳೇ ಚಾಳಿ. ಕೀ ಒಳಗಿದ್ದರೆ ಫ್ರಿಜ್ಜು ಮತ್ತೆ ಹಾಕದೆ ಮನೆಗೆ ಹೋಗಲಾಗುವುದಿಲ್ಲವಲ್ಲ. ರಾತ್ರಿ ಸೀನ್ ಇರುವುದರಿಂದ ರಾತ್ರಿಯೂ ಒಮ್ಮೆ ಬಂದು ಕೇಳಲೇಬೇಕು ಅಂತ ಹಟ ಹಿಡಿದರು. ಸರಿಯೇ. ಮೋಡವಿಲ್ಲದ, ಗಾಳಿಯಿಲ್ಲದ ರಾತ್ರಿ ನೆಲದ ಹತ್ತಿರದ ಗಾಳಿ ಬೇಗ ತಣ್ಣಗಾಗುತ್ತದೆ, ಮೇಲಿನದ್ದು ಬೆಚ್ಚಗೇ ಇರುತ್ತದೆ. ಆಗ ಮೇಲಕ್ಕೆ ಹೋಗಬೇಕಾದ ಶಬ್ದ ಬಾಗಿ ಕೆಳಗೇ ಬರುತ್ತದೆ. ಹಗಲು ಕೇಳದ ರೈಲು ರಾತ್ರಿ ಕೇಳುತ್ತದೆ. ಕೇಳಿಯೂ ಕೇಳಿತು. ವೇಳಾಪಟ್ಟಿ ತೆಗೆದು ಕಾಲ್‌ಶೀಟ್‌ನ (ಆಯಾ ದಿನದ ಕೆಲಸದ ಪಟ್ಟಿ) ಅಂಚಿನಲ್ಲಿ ರೈಲುಗಳ ಸಮಯ ಬರೆದೆವು.

ಮರದ ಮಹಡಿಯ ಬಗ್ಗೆ ನಾನೇ ಪಟ್ಟು ಹಿಡಿದೆ. ಒಂದು ಕುಟುಂಬ ಓಡಾಡಿಕೊಂಡಿದ್ದ ನೆಲದ ಮೇಲೆ ಇಪ್ಪತ್ತು ಜನ, ಕ್ಯಾಮೆರಾ ಟ್ರಾಲಿ, ಅದು ಓಡುವ ಟ್ರ್ಯಾಕ್ ಒಟ್ಟಿಗೆ ನಿಂತರೆ? ಎಂಜಿನಿಯರ್ ಒಬ್ಬರನ್ನು ಕರೆಸಿ ತೊಲೆ ತೋರಿಸಿದೆವು. ಮೇಲೆ ಎಷ್ಟು ಜನ ಇರಬಹುದು ಅಂತ ಅವರು ಬರೆದುಕೊಟ್ಟರು, ಟ್ರಾಲಿ ಬೇಡವೇ ಬೇಡ ಅಂದರು. ಆ ಶಾಟ್ ಕೈಯಲ್ಲಿ ಹಿಡಿದೇ ತೆಗೆಯುವುದು ಅಂತಾಯಿತು.

ಇನ್ನು ಕಾಗದ ಪತ್ರ. ಅಮ್ಮ ‘ಆಯ್ತಪ್ಪ, ಮಾಡ್ಕೊಳ್ಳಿ’ ಅಂದದ್ದು ಸಾಲದು. ಮನೆ ಯಾರ ಹೆಸರಲ್ಲಿದೆ ಅಂತ ದಾಖಲೆ ನೋಡಿದರೆ, ಅವರ ಜೊತೆ ಬೇರೆ ಊರಿನ ಇಬ್ಬರು ಮಕ್ಕಳ ಹೆಸರೂ ಇತ್ತು. ಮೂವರ ಸಹಿಯೂ ಬೇಕು. ಒಬ್ಬರನ್ನು ಬಿಟ್ಟು ಶುರು ಮಾಡಿ, ಅರ್ಧ ಸಿನಿಮಾ ಆದ ಮೇಲೆ ಅವರು ಬಂದು ನಿಲ್ಲಿಸಿದರೆ ಕಥೆ ಅಲ್ಲಿಗೇ ಮುಗಿಯಿತು. ಒಪ್ಪಂದದಲ್ಲಿ ಶೂಟಿಂಗ್ ದಿನಗಳ ಜೊತೆ ಸಿದ್ಧತೆಯ ದಿನಗಳು, ಎಲ್ಲ ಬಿಚ್ಚಿ ಮೊದಲಿನಂತೆ ಮಾಡುವ ದಿನಗಳು, ಯಾವ ಕೋಣೆ ಮುಟ್ಟುತ್ತೇವೆ, ಯಾವುದು ಮುಟ್ಟುವುದಿಲ್ಲ, ಹಾನಿಯಾದರೆ ವಿಮೆ, ಮತ್ತೆ ಒಂದು ಶಾಟ್ ಬೇಕಾದರೆ ವಾಪಸ್ ಬರುವ ಹಕ್ಕು, ಎಲ್ಲ ಬರೆದೆವು. ಗೋಡೆಯ ಮೇಲಿದ್ದ ಮನೆಯವರ ಫೋಟೊ ಮತ್ತು ಚಿತ್ರಪಟಗಳನ್ನು ಇಳಿಸಬೇಕು ಅನ್ನುವುದೂ ಅದರಲ್ಲಿತ್ತು. ಚಿತ್ರಪಟಗಳಿಗೆ ಹಕ್ಕುಸ್ವಾಮ್ಯದ ತಕರಾರು ಬರಬಹುದು. ಫೋಟೊಗಳನ್ನು ಅಮ್ಮ ತಾವೇ ಇಳಿಸಿ ಸೀರೆಯಲ್ಲಿ ಸುತ್ತಿಟ್ಟರು.

ಬೀದಿಯ ಪ್ರತಿ ಮನೆಯ ಬಾಗಿಲೂ ತಟ್ಟಿದೆ. ಇದನ್ನು ಯಾರಿಗೂ ವಹಿಸಿಕೊಡುವುದಿಲ್ಲ, ನಾನೇ ಹೋಗುತ್ತೇನೆ. ಸರ್ಕಾರಿ ಅನುಮತಿ ರಸ್ತೆಯಲ್ಲಿ ಗಾಡಿ ನಿಲ್ಲಿಸಲು ಬಿಡುತ್ತದೆ, ಪಕ್ಕದ ಮನೆಯ ಮಿಕ್ಸಿ ನಿಲ್ಲಿಸುವುದಿಲ್ಲ. ಒಬ್ಬರು ರಾತ್ರಿ ಪಾಳಿ ಮುಗಿಸಿ ಹಗಲು ಮಲಗುವವರು. ಇನ್ನೊಬ್ಬರ ಮನೆಯಲ್ಲಿ ಪರೀಕ್ಷೆಗೆ ಓದುವ ಹುಡುಗಿ. ಅವಳ ವೇಳಾಪಟ್ಟಿ ನೋಡಿಕೊಂಡು ರಾತ್ರಿ ಸೀನ್‌ಗಳನ್ನು ಪರೀಕ್ಷೆ ಮುಗಿದ ಮೇಲಿನ ವಾರಕ್ಕೆ ಹಾಕಿಸಿದೆ. ಎಲ್ಲರಿಗೂ ದಿನಾಂಕ, ಸಮಯ, ನನ್ನ ಫೋನ್ ನಂಬರ್ ಇರುವ ಚೀಟಿ ಕೊಟ್ಟೆ. ಪಾರ್ಕಿಂಗ್, ಶೌಚಾಲಯ, ಮೇಕಪ್‌ಗೆ ಕೋಣೆ, ಹತ್ತಿರದ ಆಸ್ಪತ್ರೆಗೆ ದಾರಿ, ಇವೆಲ್ಲ ಎಲ್ಲ ಲೊಕೇಶನ್‌ಗೂ ಇದ್ದದ್ದೇ.

ಎರಡು ಮನೆ ಅಂದಾಗ ನಿರ್ಮಾಪಕರ ಮುಖ ಸಣ್ಣಗಾಗಿತ್ತು. ಯೂನಿಟ್ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೊರಟರೆ ಅರ್ಧ ದಿನ ಹೋದಂತೆ. ಲಾಸ್ ಏಂಜಲೀಸ್‌ನಲ್ಲಿ ಇದಕ್ಕಾಗಿಯೇ ‘ಮೂವತ್ತು ಮೈಲಿ ವಲಯ’ ಅಂತ ಒಂದಿದೆ. ನಗರದ ಒಂದು ಕೂಡುರಸ್ತೆಯಿಂದ ಸುತ್ತ 30 ಮೈಲಿ ದೂರ ದಾಟಿ ಕೆಲಸಕ್ಕೆ ಕರೆದರೆ ಕಾರ್ಮಿಕ ಸಂಘದ ನಿಯಮದಂತೆ ಕೆಲಸಗಾರರಿಗೆ ಪ್ರಯಾಣದ ಖರ್ಚು ಮತ್ತಿತರ ಹೆಚ್ಚುವರಿ ಕೊಡಬೇಕಾಗುತ್ತದೆ. ನಮ್ಮ ಎರಡು ಮನೆಗಳ ನಡುವೆ ಅಷ್ಟೇನೂ ದೂರ ಇರಲಿಲ್ಲ. ಮೊದಲ ಮನೆಯ ಕೆಲಸವನ್ನೆಲ್ಲ ಒಂದೇ ಬೆಳಗ್ಗೆಗೆ ಸೇರಿಸಿ, ಅಲ್ಲಿ ಸಂಭಾಷಣೆಯೇ ಇಲ್ಲದಂತೆ ಬರೆಸಿಕೊಂಡೆವು. ಕಬ್ಬಿಣ ಉಜ್ಜುವವರಿಗೂ ತೊಂದರೆ ಇಲ್ಲ, ನಮಗೂ ಇಲ್ಲ.

ಶೂಟಿಂಗ್‌ಗೆ ಮೊದಲು ಇನ್ನೊಮ್ಮೆ ಎರಡೂ ಕಡೆ ಹೋಗಿ ಬರುವುದು ನನ್ನ ಪದ್ಧತಿ. ಸತ್ಯಜಿತ್ ರೇ ತಮ್ಮ ಮೊದಲ ಚಿತ್ರಕ್ಕೆ ಕಾಶ ಹುಲ್ಲು ಹೂಬಿಟ್ಟ ಬಯಲಿನಲ್ಲಿ ಒಂದು ಸೀನ್ ಶುರು ಮಾಡಿ, ಉಳಿದದ್ದಕ್ಕೆ ಒಂದು ವಾರದ ನಂತರ ಹೋದರೆ ದನಗಳು ಹೂವನ್ನೆಲ್ಲ ತಿಂದು ಮುಗಿಸಿದ್ದವಂತೆ. ಮುಂದಿನ ವರ್ಷ ಮತ್ತೆ ಹೂ ಬಿಡುವವರೆಗೆ ಕಾಯಬೇಕಾಯಿತು. ನಮ್ಮಲ್ಲಿ ದನ ಇರಲಿಲ್ಲ, ಜೆಸಿಬಿ ಇತ್ತು. ಮೊದಲ ಮನೆಯ ಮುಂದೆ ಪೈಪ್ ಹಾಕಲು ರಸ್ತೆ ಅಗೆದು, ಕಲ್ಲಿನ ಮೆಟ್ಟಿಲ ಎದುರಿಗೇ ಮಣ್ಣಿನ ಗುಡ್ಡೆ ಹಾಕಿದ್ದರು. ಯಾವಾಗ ಮುಚ್ಚುತ್ತೀರಿ ಅಂದರೆ ಒಬ್ಬರು ಇನ್ನೊಬ್ಬರ ಕಡೆ ಕೈ ತೋರಿಸಿದರು. ಅವತ್ತೇ ರಾತ್ರಿ ಶೆಡ್ಯೂಲ್ ತಿರುಗಿಸಿ ಒಳಾಂಗಣ ಮೊದಲು, ಹೊರಾಂಗಣ ಕೊನೆಗೆ ಅಂತ ಮಾಡಿದೆವು. ಒಂದೇ ಮನೆಯಾಗಿದ್ದರೆ ಇಡೀ ಯೂನಿಟ್ ಕೈಕಟ್ಟಿ ಕೂರಬೇಕಿತ್ತು. ನಿರ್ಮಾಪಕರಿಗೆ ಎರಡು ಮನೆಯ ಲಾಭ ಆಗ ಅರ್ಥವಾಯಿತು.

ಶೂಟಿಂಗ್ ನಡೆದ ಬಗ್ಗೆ ಹೇಳಲು ಜಾಸ್ತಿ ಇಲ್ಲ. ಬಾಗಿಲು ತೆರೆದು ಒಳಗೆ ಬರುವ ಎರಡು ಶಾಟ್ ಜೋಡಿಸಿ ಎಡಿಟರ್ ಕಳಿಸಿದಾಗ ಹೊಸ್ತಿಲನ್ನೇ ಎರಡೆರಡು ಸಲ ನೋಡಿದೆ. ಹೊಂದಿತ್ತು.

ಕೊನೆಯ ಕೆಲಸ ಮನೆ ಒಪ್ಪಿಸುವುದು. ಮೊದಲ ದಿನವೇ ಪ್ರತಿ ಗೋಡೆ, ಪ್ರತಿ ಗೀರು, ಒಡೆದ ಹೆಂಚಿನ ಮೂಲೆ ಎಲ್ಲವನ್ನೂ ದಿನಾಂಕದ ಸಮೇತ ಫೋಟೊ ತೆಗೆದಿಟ್ಟಿದ್ದೆ. ಅಮ್ಮನ ಜೊತೆ ಒಂದೊಂದೇ ಕೋಣೆಗೆ ಹೋಗಿ ಹಳೆಯದ್ದನ್ನೂ ಈಗಿನದ್ದನ್ನೂ ಹೋಲಿಸಿ ತೋರಿಸಿದೆ. ಮೆಟ್ಟಿಲ ಪಕ್ಕ ಎರಡು ಮೊಳೆ ತೂತು ಹೊಸದು ಅಂತ ಅವರೇ ಹಿಡಿದರು. ಮುಚ್ಚಿಸಿದೆ. ನಡುಮನೆಗೆ ನಾವು ಮಾಸಿದ ಹಸಿರು ಬಣ್ಣ ಬಳಿದಿದ್ದೆವು, ಒಪ್ಪಂದದ ಪ್ರಕಾರ ಹಳೆಯ ಬಿಳಿ ಬಣ್ಣಕ್ಕೆ ತರಬೇಕು. ಪೇಂಟರ್‌ಗಳು ಡಬ್ಬ ಬಿಚ್ಚುತ್ತಿದ್ದಾಗ ಅಮ್ಮ ಅಡ್ಡ ನಿಂತರು.

“ಬಿಳಿ ಬೇಡಪ್ಪಾ. ಇದೇ ಚೆನ್ನಾಗಿದೆ, ಬಿಟ್ಬಿಡಿ.”

“ಆಗಲಿ ಅಮ್ಮ. ಆದರೆ ಒಂದು ಸಾಲು ಬರೆದುಕೊಡಬೇಕು. ಮಕ್ಕಳ ಸಹಿಯೂ ಬೇಕು.”

“ನನ್ನ ಗೋಡೆ ಬಣ್ಣಕ್ಕೆ ಅವರ ಸಹಿ ಯಾಕೆ?” ಅಂತ ಗೊಣಗಿಕೊಂಡೇ ಮಗನಿಗೆ ಫೋನ್ ಹಚ್ಚಿದರು. ಮಗನಿಗೆ ಬಿಳಿಯೇ ಬೇಕಿತ್ತು. ಅವರಿಬ್ಬರ ಮಾತು ಮುಗಿಯುವವರೆಗೆ ಪೇಂಟರ್‌ಗಳೂ ನಾನೂ ಕಾರ್ ಶೆಡ್ಡಿನಲ್ಲಿ ಕೂತಿದ್ದೆವು. ಸಂಜೆ ಹೊತ್ತಿಗೆ ಮೂರು ಸಹಿಯೂ ಬಂದವು, ಹಸಿರಿಗೆ.